ಮಿಕ್ಸಿ ಓಡುವಾಗ ಮಾತ್ರ ಆಡುವ ಮಾತು

ನಮ್ಮಮ್ಮನಿಗೆ ಒಂದು ಅಭ್ಯಾಸ. ಹೆಂಗಸರ ವಿಷಯ ಏನೇ ಮಾತಾಡಬೇಕಿದ್ದರೂ ಮೊದಲು ಮಿಕ್ಸಿ ಹಾಕುತ್ತಾಳೆ. ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತ ಅಪ್ಪನಿಗೆ ಕೇಳಿಸಬಾರದಂತೆ. ಜಾರಿನಲ್ಲಿ ರುಬ್ಬುವಂಥದ್ದು ಇರಲೇಬೇಕು ಅಂತೇನಿಲ್ಲ, ಎರಡು ಒಣಮೆಣಸಿನಕಾಯಿ ಇದ್ದರೂ ನಡೆಯುತ್ತದೆ. ದೊಡ್ಡವಳಾಗುವುದು ಅಂದರೆ ಏನು ಅಂತ ನಾನು ತಿಳಿದುಕೊಂಡದ್ದು ಹಾಗೆಯೇ, ಮೆಣಸಿನ ಘಾಟಿಗೆ ಸೀನುತ್ತಾ.

ಒಂದೂವರೆ ವರ್ಷದಿಂದ ಆ ಮಿಕ್ಸಿಗೆ ಬಿಡುವಿಲ್ಲ. ಕಾರಣ, ನಾನು ತಗೊಳ್ಳುವ ಮಾತ್ರೆ. ಗರ್ಭನಿರೋಧಕ ಮಾತ್ರೆಯನ್ನೇ ನಡುವೆ ಬಿಡದೆ ದಿನವೂ ನುಂಗಿದರೆ ತಿಂಗಳ ಮುಟ್ಟು ಬರುವುದಿಲ್ಲ, ಬಂದರೂ ಅಪರೂಪಕ್ಕೆ. ನನಗೆ ಬೇಕಿದ್ದದ್ದು ಅಷ್ಟೇ. ಪ್ರತಿ ತಿಂಗಳೂ ಹೊಟ್ಟೆನೋವಿಗೆ ಬೋರ್ಡು ಹಿಡಿದುಕೊಂಡು ಎರಡನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಒಂದು ದಿನ ಪ್ರೇಯರ್ ನಡೆಯುವಾಗ ಬಿದ್ದೇ ಹೋದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಇಂಥ ಮಾತ್ರೆ ನುಂಗಿಕೊಂಡು ತುಮಕೂರಿನಲ್ಲಿ ಇದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ನಗಲು ಶಕ್ತಿ ಉಳಿದಿಲ್ಲ. ನಿಮಗೆ ಬಂದರೆ ನಗಿ.

ಡಾಕ್ಟರ ಫ್ಯಾನು

ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಅಮ್ಮನೂ ಬಂದಳು. ಒಳಗೆ ಕೂತವಳೇ ಸುತ್ತ ನೋಡಿದಳು. ಮಿಕ್ಸಿ ಇರಲಿಲ್ಲ. "ಆ ಫ್ಯಾನ್ ಫುಲ್ಲಿಗಿಡಮ್ಮ" ಅಂದಳು ನರ್ಸಿಗೆ. ಮೇಜಿನ ಮೇಲಿದ್ದ ಚೀಟಿಗಳೆಲ್ಲ ಹಾರಿದವು.

ಡಾಕ್ಟರು, ನಡುವಯಸ್ಸಿನ ಹೆಂಗಸು, ಅವನ್ನೆಲ್ಲ ಹೆಕ್ಕಿ ಪೇಪರ್‌ವೇಟ್ ಇಟ್ಟು ನನ್ನ ಬಿಪಿ ನೋಡಿದರು. ಸ್ಕ್ಯಾನಿಂಗ್ ರಿಪೋರ್ಟ್ ನೋಡಿದರು. ಆಮೇಲೆ ಒಂದೊಂದಾಗಿ ಕೇಳಿದರು: ತಲೆನೋವು ಬರುವ ಮುಂಚೆ ಕಣ್ಣೆದುರು ಮಿಂಚು ಮಿಂಚು ಕಾಣಿಸುತ್ತಾ? ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ, ಎದೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ? ಸಿಗರೇಟು ಸೇದುತ್ತೀಯಾ?

ನಾನು ಬಾಯಿ ತೆರೆಯುವ ಮುಂಚೆಯೇ ಅಮ್ಮ, "ಅಯ್ಯೋ, ನಮ್ಮನೇಲಿ ಊದುಬತ್ತಿ ಬಿಟ್ರೆ ಬೇರೆ ಹೊಗೇನೇ ಇಲ್ಲ ಡಾಕ್ಟ್ರೇ!" ಅಂದಳು.

"ಎಲ್ಲರಿಗೂ ಈ ಮಾತ್ರೆ ಆಗಲ್ಲ, ಅದಕ್ಕೇ ಕೇಳ್ದೆ. ನಿಮ್ಮ ಮಗಳಿಗೆ ಆಗುತ್ತೆ. ಮೊದಲ ಕೆಲವು ತಿಂಗಳು ಆಗಾಗ ಬಟ್ಟೇಲಿ ಸ್ವಲ್ಪ ರಕ್ತದ ಕಲೆ ಕಾಣಿಸ್ಬಹುದು, ಹೆದರ್ಬೇಡಿ. ಒಂದೇ ಕಾಲು ಊದಿಕೊಂಡು ನೋವು ಬಂದ್ರೆ, ಉಸಿರು ಕಟ್ಟಿದ್ರೆ ಮಾತ್ರ ತಕ್ಷಣ ಬನ್ನಿ. ಬಿಪಿ ಆಗಾಗ ನೋಡಿಸ್ತಾ ಇರಿ."

ಅಮ್ಮನಿಗೆ ಬೇರೆಯೇ ಚಿಂತೆ. "ಬರಬೇಕಾದ್ದು ಬರ್ದೇ ಇದ್ರೆ ಒಳಗೇ ತುಂಬ್ಕೊಳಲ್ವಾ? ಸಂಪು ತುಂಬ್ದಂಗೆ?"

"ಮೋಟ್ರೇ ಹಾಕಿಲ್ಲ ಅಂದ್ಮೇಲೆ ಸಂಪು ಹೇಗಮ್ಮ ತುಂಬುತ್ತೆ? ಒಳಗಿನ ಪದರ ಅಷ್ಟಾಗಿ ಬೆಳೆಯೋದೇ ಇಲ್ಲ. ಹೊರಗೆ ಹೋಗೋಕೆ ಏನೂ ಇರಲ್ಲ. ಮುಂದೆ ಮಕ್ಕಳು ಬೇಕು ಅಂದಾಗ ನಿಲ್ಲಿಸಿದ್ರಾಯ್ತು."

ಅಮ್ಮ ತಲೆಯಾಡಿಸಿದಳು. ಅರ್ಥವಾಯಿತು ಅಂತ ನನಗೂ ಸಮಾಧಾನವಾಯಿತು. ಆಟೋ ನಮ್ಮ ಉಪ್ಪಾರಹಳ್ಳಿಗೆ ತಿರುಗುವಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಡಾಕ್ಟ್ರೇನೋ ಒಳ್ಳೆಯವ್ರು. ಆದ್ರೂ ಮೋಟ್ರು ಆಗಾಗ ಓಡಿಸ್ದೇ ಇದ್ರೆ ಕೆಟ್ಟೋಗುತ್ತೆ ಕಣೇ."

ಗುಬ್ಬಿಯ ಒಬ್ಬಟ್ಟು

ಗುಬ್ಬಿಯಲ್ಲಿರುವ ಚಿಕ್ಕಮ್ಮನಿಗೆ ಅಮ್ಮನೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಮಿಕ್ಸಿ ಹಾಕಿಕೊಂಡೇ.

ಚಿಕ್ಕಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೆ ಬಾಗಿಲಲ್ಲೇ ಶುರು. "ಏನ್ಲೇ, ದಿನಾ ಮಾತ್ರೆ ನುಂಗ್ತೀಯಂತೆ? ವಿಷ ಕಣೇ ಅದು. ಬುಡು ಮೊದ್ಲು."

"ಡಾಕ್ಟರು ನೋಡಿ ಕೊಟ್ಟಿದ್ದು ಚಿಕ್ಕಮ್ಮ."

ಅಷ್ಟರಲ್ಲಿ ಚಿಕ್ಕಮ್ಮ ರವಿಕೆಯೊಳಗಿನ ಪರ್ಸಿನಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿ ನೀರು ಕುಡಿದಳು. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ. ಹಬ್ಬ, ಪೂಜೆ ಬಂದಾಗೆಲ್ಲ ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿನಿಂದ ತಂದುಕೊಳ್ಳುತ್ತಾಳೆ. ನಾನು ನೋಡುತ್ತಲೇ ಇದ್ದೆ.

"ನೋಡ್ತೀಯ ಏನು? ಇದು ಪೂಜೆಗೆ. ದೇವರ ಕೆಲಸಕ್ಕೆ ತಗೊಂಡ್ರೆ ಸೈಡ್ ಎಫೆಕ್ಟ್ ಇರಲ್ಲ."

ಬಿಪಿ ಮಾತ್ರೆಯ ಜೊತೆಗೇ ಅದನ್ನೂ ನುಂಗುತ್ತಿದ್ದಳು. ಒಮ್ಮೆ ಡಾಕ್ಟರನ್ನು ಕೇಳು ಅಂದೆ. ಕೇಳಿಸಿಕೊಳ್ಳಲಿಲ್ಲ. ಒಬ್ಬಟ್ಟು ತಟ್ಟಬೇಕಾಗಿದ್ದ ಅವಳ ಇಬ್ಬರು ಸೊಸೆಯರೂ ಅವತ್ತೇ ಹೊರಗಾಗಿದ್ದರು. ಚಿಕ್ಕಮ್ಮನ ಮುಖ ನನ್ನ ಕಡೆ ತಿರುಗಿತು. "ನಿನಗೆ ಆಗಲ್ವಲ್ಲ ಕಣೇ, ಬಾ ಒಳಗೆ."

ಅಲ್ಲಿಂದಾಚೆ ನಮ್ಮ ಬಳಗದಲ್ಲಿ ಯಾರ ಮನೆ ಪೂಜೆಯಾದರೂ ಅಡುಗೆಗೆ ನಾನೇ. ನಿಟ್ಟೂರಿನಿಂದಲೂ ಫೋನು, ಬೆಳ್ಳಾವಿಯಿಂದಲೂ ಫೋನು. ಮಾತ್ರೆ ವಿಷ, ನಾನು ಮಾತ್ರ ಅಮೃತ. ಆ ಗೃಹಪ್ರವೇಶದ ದಿನವಂತೂ ಮಧ್ಯಾಹ್ನದವರೆಗೂ ಒಲೆಯ ಮುಂದೆ ನಿಂತು ಸೊಂಟ ಬಿದ್ದುಹೋಯಿತು. ಹೊರಗಿನ ಜಗಲಿಯಲ್ಲಿ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದ ಕಿರಿಸೊಸೆ ತಟ್ಟೆ ಹಿಡಿದು ಕೂಗಿದಳು: "ಅಕ್ಕಾ, ಇನ್ನೊಂದು ಒಬ್ಬಟ್ಟು. ಮುಟ್ಟಿಸ್ಕೊಬೇಡ, ಮೇಲಿಂದ ಹಾಕು. ತುಪ್ಪ ಮಾತ್ರ ಜಾಸ್ತಿ."

ಅಪ್ಪನ ಕಿವಿ

ಒಂದು ಭಾನುವಾರ ಅಮ್ಮ ಮನೆಯಲ್ಲಿರಲಿಲ್ಲ. ಅಪ್ಪ ಪೇಪರ್ ಕೆಳಗಿಳಿಸದೆ ಕೇಳಿದರು: "ಮಾರ್ಕೆಟ್ ಕಡೆ ಹೋಗ್ತಾ ಇದೀನಿ. ನಿನ್ನ ಸ್ಟ್ರಿಪ್ ಮುಗೀತಾ ಬಂತಲ್ಲ, ತರ್ಲಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಿಮಗೆ... ಗೊತ್ತಾ?"

"ಮಿಕ್ಸಿ ಹಾಕ್ದಾಗ ನಿಮ್ಮಮ್ಮ ಕೂಗ್ತಾಳೆ. ಹಾಕ್ದೇ ಇದ್ರೆ ಪಿಸುಗುಟ್ತಾಳೆ. ಇಪ್ಪತ್ತೆಂಟು ವರ್ಷದಿಂದ ನನಗೆ ಕೇಳಿಸ್ದೇ ಇರೋದು ಅವಳು ಪಿಸುಗುಟ್ಟಿದ್ದು ಮಾತ್ರ." ಚಪ್ಪಲಿ ಹಾಕಿಕೊಳ್ಳುತ್ತಾ ಮತ್ತೆ ಅಂದರು, "ಅವಳಿಗೆ ಹೇಳ್ಬೇಡ. ಪಾಪ, ಮುಚ್ಚಿಟ್ಟಿದೀನಿ ಅನ್ಕೊಂಡಿದಾಳೆ."

ಕುಣಿಗಲ್‌ನವರು

ಹೋದ ತಿಂಗಳು ಕುಣಿಗಲ್‌ನಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಪಿಯುಸಿ ಓದುವ ತಂಗಿ. ಹುಡುಗ ಪರವಾಗಿಲ್ಲ, ನನ್ನ ಹಾಗೇ ನೆಲ ನೋಡುತ್ತಿದ್ದ. ತಂಗಿ ಕಾಫಿ ಬೇಡ ಅಂದು ಬಿಸಿನೀರು ಕೇಳಿದಳು. ಸೋಫಾದ ಮೂಲೆಯಲ್ಲಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿ ಕೂತಳು. ಆ ಕೂರುವ ಭಂಗಿ ನನಗೆ ಹೊಸದಲ್ಲ.

ಒಪ್ಪುವ ಮೊದಲು ಮಾತ್ರೆಯ ವಿಷಯ ಅವರಿಗೆ ಹೇಳಬೇಕು ಅಂತ ನನಗಿತ್ತು. ಆಮೇಲೆ ಗೊತ್ತಾಗಿ ನಿಲ್ಲಿಸು ಅಂದರೆ ಮತ್ತೆ ಬೋರ್ಡು ಹಿಡಿದು ನಿಲ್ಲುವವಳು ನಾನೇ ತಾನೆ? ಅಮ್ಮನಿಗೆ ನನ್ನ ಮುಖ ನೋಡಿಯೇ ಸಂಶಯ ಬಂತು. ಅಡುಗೆಮನೆಗೆ ಎಳೆದುಕೊಂಡು ಹೋಗಿ ಚಟ್ನಿಗೆ ತೆಂಗಿನಕಾಯಿ ಹಾಕಿ ಮಿಕ್ಸಿ ತಿರುಗಿಸಿದಳು.

"ಅವರ ಮುಂದೆ ಬಾಯಿ ಬಿಡ್ಬೇಡ! ಬಂಜೆ ಅನ್ಕೋತಾರೆ!"

"ಹೇಳ್ಲೇಬೇಕು ಅಮ್ಮ!"

"ನಾಳೆಯಿಂದ ನಿಲ್ಲಿಸ್ಬಿಡು! ಮದುವೆ ಆಗೋವರ್ಗಾದ್ರೂ ತಡ್ಕೋ!"

ಹುಟ್ಟಿದಾಗಿನಿಂದ ಜೋರಾಗಿ ಮಾತಾಡಿದವಳಲ್ಲ ನಾನು. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ನನ್ನ ದನಿ ಮುಟ್ಟುವುದಿಲ್ಲ ಅಂತ ಹೆಡ್‌ಮಿಸ್ ಬೈಯುತ್ತಾರೆ. ಅವತ್ತು ಮಿಕ್ಸಿ ಇದೆಯಲ್ಲ ಅಂತ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ. ಸರಿಯಾಗಿ ಆಗಲೇ ಕರೆಂಟು ಹೋಯಿತು.

"ಮಾತ್ರೆ ನಿಲ್ಲಿಸಲ್ಲ! ತಿಂಗಳು ತಿಂಗಳು ಮುಟ್ಟಾಗಿ ಸಾಯೋದಕ್ಕಿಂತ ಮದುವೆ ಇಲ್ದೇ ಇರ್ತೀನಿ!"

ಇಡೀ ಮನೆಯಲ್ಲಿ ಅದೊಂದೇ ಸದ್ದು. ಹಾಲ್‌ನಲ್ಲಿ ಯಾರದೋ ಚಮಚ ತಟ್ಟೆಯ ಮೇಲೆ ಬಿತ್ತು. ಅದರ ಹಿಂದೆಯೇ ಅಪ್ಪನ ದನಿ: "ನಮ್ಮ ಏರಿಯಾದಲ್ಲಿ ಕರೆಂಟ್ ಹಿಂಗೇ, ಹೇಳ್ದೇ ಕೇಳ್ದೇ ಹೋಗ್ಬಿಡುತ್ತೆ."

ಅಮ್ಮ ಜಾರಿನ ಮುಚ್ಚಳ ಒತ್ತಿ ಹಿಡಿದವಳು ಕೈ ತೆಗೆಯಲೇ ಇಲ್ಲ. ಹೆಜ್ಜೆಯ ಸದ್ದು ಕೇಳಿಸಿತು. ಹುಡುಗನ ತಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಗಿಯಿತು, ಹೊರಡುತ್ತೀವಿ ಅನ್ನಲು ಬಂದಿದ್ದಾರೆ ಅಂದುಕೊಂಡೆ. ಅವರು ನನ್ನನ್ನು ನೋಡಿದರು. ಹಿಂದಕ್ಕೆ ತಿರುಗಿ ದಿಂಬು ಒತ್ತಿಕೊಂಡು ಕೂತ ಮಗಳನ್ನು ನೋಡಿದರು. ಒಳಗೆ ಬಂದು ಬಾಗಿಲು ಮುಂದಕ್ಕೆ ಎಳೆದರು.

"ನಮ್ಮ ಹುಡುಗೀನೂ ಬೆಳಗ್ಗಿಂದ ಹಂಗೇ ಕೂತವ್ಳೆ," ಅಂದರು. ಮತ್ತೇನೋ ಕೇಳಲು ಬಾಯಿ ತೆರೆದು, ಹಾಲ್‌ನ ನಿಶ್ಶಬ್ದ ನೆನಪಾಗಿ ತಡೆದರು. ಅಷ್ಟರಲ್ಲಿ ಗೋಡೆಯ ಸ್ವಿಚ್ ಬೋರ್ಡಿನ ಕೆಂಪು ದೀಪ ಹತ್ತಿಕೊಂಡಿತು. ಅಮ್ಮನ ಕೈ ಹಿಡಿದುಕೊಂಡು ತೀರಾ ಮೆಲ್ಲಗೆ ಅಂದರು:

"ಆ ಮಿಕ್ಸಿ ಒಂದು ಸ್ವಲ್ಪ ಹಾಕ್ರಮ್ಮ."