ಬನಿಯನ್ ಸಮೇತ ಕಯಾಕ್ ಹತ್ತಲು ಹೋದದ್ದು

೨೦೦೩ರ ಮಾರ್ಚ್, ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಅಮೆರಿಕದ ಆಸ್ಟಿನ್‌ನ ಕೆರೆದಂಡೆ. ಹಾಜರಿದ್ದವರು: ನಾನು, ಶ್ರೀಮತಿ ಶಾರದಾ, ಮತ್ತು ಇಲ್ಲೇ ಕಾಲೇಜಿನಲ್ಲಿ ಓದುತ್ತಾ ಕಯಾಕ್ ನಡೆಸಲು ಕಲಿಸುವ ಮೊಮ್ಮಗಳು ಅನಘಾ. ಕಯಾಕ್ ಎಂದರೆ ತೆಳ್ಳನೆಯ ದೋಣಿ. ಇದರಲ್ಲಿ ಇಬ್ಬರಿಗೆ ಜಾಗ. ಮುಂದಿನ ಸೀಟು ನನ್ನದು, ಹಿಂದಿನದು ಅನಘಾಳದು ಎಂದು ತೀರ್ಮಾನವಾಗಿತ್ತು. ಮರುದಿನ ನಾವು ಮೆಕಿನ್ನಿ ಊರಿನ ಮಗಳ ಮನೆಗೆ ವಾಪಸು, ಆಮೇಲೆ ಮೈಸೂರಿಗೆ. ಎದುರಿಗೆ ಕಾಣುವ ಸೇತುವೆಯವರೆಗೆ ಹುಟ್ಟು ಹಾಕಿ ಬರಲು ಇದೊಂದೇ ಅವಕಾಶ.

ನಾನು ಇಡೀ ಸರ್ವೀಸು ಡ್ರಿಲ್ ಮೇಷ್ಟರಾಗಿದ್ದವನು. ಅಂಗಿಯೊಳಗೆ ಬನಿಯನ್ ಇಲ್ಲದೆ ಬಂದ ಹುಡುಗನನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದೆ. ಉಡುಪಿನ ವಿಷಯದಲ್ಲಿ ನನಗೆ ಪಾಠವೇ?

ಅನಘಾ ದಪ್ಪ ರಬ್ಬರ್ ಸೂಟೊಂದನ್ನು ಕೈಗಿಟ್ಟಳು.

“ಬಿಸಿಲು ಚುರುಗುಟ್ಟುತ್ತಿದೆ. ಇದ್ಯಾಕಮ್ಮಾ?”

“ತಾತ, ಡ್ರೆಸ್ ಫಾರ್ ದ ವಾಟರ್, ನಾಟ್ ದ ಸನ್!”

ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೇಸಿಗೆಯಲ್ಲಿ ತೆಳು ಸೂಟು ಸಾಕಂತೆ. ಕಡು ಚಳಿಯಲ್ಲಿ ಹನಿ ನೀರೂ ಒಳಗೆ ಬಾರದಂಥದ್ದು ಬೇಕಂತೆ. ಈಗ ಗಾಳಿಗೆ ಮಾರ್ಚ್ ಬಂದಿದ್ದರೂ ನೀರು ಇನ್ನೂ ಜನವರಿಯಲ್ಲೇ ಇದೆಯಂತೆ. ಬಿದ್ದರೆ ಉಸಿರೇ ಕಟ್ಟೀತಂತೆ. ಕೊನೆಗೆ ಆಜ್ಞೆ: “ಅಂಡ್ ನೋ ಕಾಟನ್!” ಒದ್ದೆ ಹತ್ತಿಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದಂತೆ.

ಸರಿ, ಅಂಗಿ ಬೇಡ, ಪ್ಯಾಂಟು ಬೇಡ. ಆದರೆ ಬನಿಯನ್ ಬಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಚರ್ಮದ ಲೆಕ್ಕ!

ಬಟ್ಟೆ ಬದಲಿಸುವ ಕೋಣೆಯಲ್ಲಿ ಬನಿಯನ್ ಮೇಲೆಯೇ ಸೂಟು ಏರಿಸತೊಡಗಿದೆ. ಅದು ಮೊಣಕಾಲಿಗೆ ಬಂದು ಸತ್ಯಾಗ್ರಹ ಹೂಡಿತು.

“ಏನ್ರೀ, ಒಳಗೆ ಯಾರ ಜೊತೆ ಕುಸ್ತಿ?” ಹೊರಗಿನಿಂದ ಶಾರದಾ.

“ಯೂನಿಫಾರ್ಮ್ ಸ್ವಲ್ಪ ಬಿಗಿ, ಅಷ್ಟೇ!”

ಹೊರಗೆ ಬಂದೆ. ಅವಳು ಮೇಲಿಂದ ಕೆಳಗೆ ನೋಡಿದಳು. “ಜಿಪ್ಪು ಬೆನ್ನಿಗೆ ಬರ್ಬೇಕು. ಹಿಂದು ಮುಂದು ಹಾಕ್ಕೊಂಡಿದೀರ!”

ಅವಳು ಆಗಲೇ ಅನಘಾ ಹೇಳಿದ ಹಾಗೆ ಚಾಚೂ ತಪ್ಪದೆ ಸೂಟು ತೊಟ್ಟಿದ್ದಳು. ದಡದಲ್ಲಿ ನಿಂತು ಕಾಲು ನೆನೆಸಿಕೊಳ್ಳುವುದಕ್ಕಂತೆ!

ಮತ್ತೊಮ್ಮೆ ಕುಸ್ತಿಯಾಡಿ, ಜಿಪ್ಪು ಬೆನ್ನಿಗೆ ಕಳಿಸಿ, ಲೈಫ್ ಜಾಕೆಟ್ ಬಿಗಿದು ಸಜ್ಜಾದೆ. ದೋಣಿ ಹತ್ತುವ ಮೊದಲು ದಡದ ಬಳಿಯೇ ಒಮ್ಮೆ ಮುಳುಗಿ ಏಳಬೇಕು. ಅದು ಅನಘಾಳ ನಿಯಮ. ನಿಯಮವೆಂದರೆ ನನಗೆ ಪ್ರೀತಿ. ಎದೆ ಸೆಟೆಸಿ ನಡೆದೆ. ಮುಳುಗಿದೆ.

ಎದ್ದಾಗ ಬಾಯಿಂದ ಬಂದದ್ದು ಮಾತಲ್ಲ!

ಕತ್ತಿನ ಬಳಿ ಹೊರಗೆ ಇಣುಕಿದ್ದ ಬನಿಯನ್, ದೀಪದ ಬತ್ತಿ ಎಣ್ಣೆ ಎಳೆಯುವಂತೆ ಕೆರೆಯನ್ನು ಒಳಗೆಳೆದಿತ್ತು. ಹಲ್ಲುಗಳು ನನ್ನ ಆಜ್ಞೆಗೂ ಕಾಯದೆ ಲೆಫ್ಟ್-ರೈಟ್ ಶುರು ಮಾಡಿದವು.

“ತಾತ, ಆರ್ ಯೂ ಓಕೆ? ವಾಟ್ ಈಸ್ ದಟ್ ವೈಟ್ ಥಿಂಗ್?”

“ಅದಾ? ಬನಿಯನ್ ಕಣೇ,” ಎಂದಳು ಶಾರದಾ. “ನಮ್ಮ ಮದುವೆಯಲ್ಲಿ ಧಾರೆಗೆ ಕೂರೋವಾಗ ಅದನ್ನ ಬಿಚ್ಚಿಸೋಕೆ ಪುರೋಹಿತರೇ ಗದರಿಸ್ಬೇಕಾಯ್ತು!”

ಅನಘಾ ನಗಲಿಲ್ಲ. ದಡದ ಕಡೆ ಬೆರಳು ತೋರಿಸಿದಳು. “ಔಟ್, ತಾತ. ನೋ ಬೋಟ್ ಟುಡೇ.”

“ಸೀಟು ಖಾಲಿ ಯಾಕೆ ಬಿಡೋದು?” ಎಂದು ಶಾರದಾ ನೀರಿಗಿಳಿದಳು. ಮುಳುಗಿ ಎದ್ದು “ಅಯ್ಯಪ್ಪಾ!” ಎಂದಳು, ಅಷ್ಟೇ. ದೋಣಿ ಹತ್ತಿ ಕೂತಳು. ಸೇತುವೆಯ ಹತ್ತಿರದಿಂದ ಕೈ ಬೇರೆ ಬೀಸಿದಳು! ಹುಟ್ಟು ಬಿಟ್ಟು ಕೈ ಬೀಸುವುದು ಅಶಿಸ್ತು ಎಂದು ಕೂಗಬೇಕೆಂದಿದ್ದೆ, ಹಲ್ಲುಗಳು ಬಿಡಲಿಲ್ಲ.

ಬನಿಯನ್ ಹಾಕದ ಎಷ್ಟೋ ಹುಡುಗರನ್ನು ಹೊರಗೆ ನಿಲ್ಲಿಸಿದ್ದೇನೆ. ಹಾಕಿದ್ದಕ್ಕಾಗಿ ಹೊರಗೆ ನಿಂತವನು ನಾನೊಬ್ಬನೇ!

ಅವರು ಹಿಂತಿರುಗುವಷ್ಟರಲ್ಲಿ ಟವೆಲ್ಲು ಹೊದ್ದು ಕೂತು ಬನಿಯನ್ನನ್ನು ಹಿಂಡಿ, ಬಿಸಿಲಿಗೆ ಹರವಿ, ಒಣಗಿಸಿ, ಮಡಚಿಟ್ಟೆ. ಆ ದಿನ ನಾನು ಕ್ರಮವಾಗಿ ಮುಗಿಸಿದ ಕೆಲಸ ಅದೊಂದೇ.