ಹೋಗುವ ದಾರಿ, ಬರುವ ದಾರಿ

ನಾಗಪತಿ ಭಟ್ಟನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಶಿರಸಿಯ ಗನಿ ಸಾಹೇಬರ ಲಾರಿ ಆಫೀಸಿಗೆ ಕಂಪ್ಯೂಟರ್ ಕೆಲಸಕ್ಕೆಂದು ಸೇರಿದ ಪುಣ್ಯಾತ್ಮನಿಗೆ ಗಂಟುಬಿದ್ದದ್ದು, ದಿನಾ ಫ್ಲಾಪಿ ಹಿಡಿದು ಯಲ್ಲಾಪುರದ ಬ್ರಾಂಚಿಗೆ ಹೋಗಿಬರುವ ಕೆಲಸ. ಒಂದು ಕೈಲಿ ಫ್ಲಾಪಿ, ಇನ್ನೊಂದು ಕೈಲಿ ಮೂಸುವುದಕ್ಕೆ ಲಿಂಬೆಹಣ್ಣು. ತಿರುವು ಬಂತೆಂದರೆ ಉಂಡದ್ದೆಲ್ಲ ಗಂಟಲಿಗೆ ಬರುತ್ತಿತ್ತು. ಅದಕ್ಕೇ ಹಟ ಹಿಡಿದು ಹುಬ್ಬಳ್ಳಿಯಿಂದ ಎರಡು ಮೋಡೆಮ್ ತರಿಸಿದ.

“ಫೋನಲ್ಲೇ ಎರಡೂ ಆಫೀಸಿನ ಕಂಪ್ಯೂಟರ್ ಮಾತಾಡಿಕೊಂಡ್ರೆ ನೀ ಬಸ್ ಹತ್ತೋದು ಬೇಡ,” ಅಂದಿದ್ದರು ಸಾಹೇಬರು.

ಜೋಡಿಸಿದ ದಿನ ಬೆಳಿಗ್ಗೆ ಮೋಡೆಮ್ ಕಿರುಚಿ, ಕೆಮ್ಮಿ, ಸುಮ್ಮನಾಯಿತು. ಶಿರಸಿಯಿಂದ ಕೇಳಿದ್ದು ಯಲ್ಲಾಪುರ ಮುಟ್ಟುತ್ತಿತ್ತು, ಉತ್ತರ ಮಾತ್ರ ಬರಲೊಲ್ಲದು. ಹೋಗುವ ದಾರಿಯನ್ನು ಇಲ್ಲಿಯ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದ, ಬರುವ ದಾರಿಯನ್ನು ಅಲ್ಲಿಯದಕ್ಕೆ ಹೇಳಿಕೊಟ್ಟಿರಲಿಲ್ಲ.

ಅಲ್ಲಿಯ ಆಫೀಸು ನೋಡಿಕೊಳ್ಳುವ ಸಾಹೇಬರ ಸೊಸೆ ಅಫ್ಸಾನಾಗೆ ಹೇಳೋಣವೆಂದರೆ ಇದ್ದೊಂದು ಫೋನು ಮೋಡೆಮ್ಮಿನ ಬಾಯಲ್ಲಿ. ಲೈನು ಕಡಿದು ದಾರಿಯ ಅಂಕಿಗಳನ್ನು ಹೇಳುವುದು, ಮತ್ತೆ ಜೋಡಿಸುವುದು, ಅಂಕಿ ತಪ್ಪಿತೆಂದು ಮತ್ತೆ ಕಡಿಯುವುದು. ಸಾಲದ್ದಕ್ಕೆ ಶಿರಸಿ ಆಫೀಸಿನ ಪಕ್ಕದ ಹೊಲಿಗೆ ಅಂಗಡಿಯ ದೇವಕ್ಕ. ಅವಳಲ್ಲೂ ಅದೇ ಲೈನಿನ ಒಂದು ರಿಸೀವರ್ ಇತ್ತು. ಅವಳು ಎತ್ತಿದಳೋ, ಮಾಡಿದ್ದೆಲ್ಲ ಹಾಳು.

“ತಮಾ, ಇದ್ರೊಳಗೆ ಯಾರೋ ಸೀಟಿ ಹೊಡಿತಾ ಇದ್ದ. ಎನಗೆ ಯಲ್ಲಾಪುರದ ಮಗಳ ಹತ್ರ ಮಾತಾಡದಿತ್ತು.”

“ಕೈ ಮುಗಿತೆ ದೇವಕ್ಕಾ, ಇವತ್ತೊಂದಿನ ಮುಟ್ಟಡ.”

ಮಧ್ಯಾಹ್ನ ಅಂತೂ ಎರಡೂ ದಾರಿ ತೆರೆದವು. ಅಫ್ಸಾನಾ ಕಳಿಸಿದ ಸಲಾಮು ಪರದೆಯ ಮೇಲೆ ಮೂಡಿದಾಗ ನಾಗಪತಿಗೆ ಕುಣಿಯುವಷ್ಟು ಖುಷಿ. ಇನ್ನು ಇದ್ಯಾಕೆ ಎಂದು ಲಿಂಬೆಹಣ್ಣು ಹಿಂಡಿ ಎಲ್ಲರಿಗೂ ಶರಬತ್ತು ಮಾಡಿ ಕುಡಿಸಿದ.

ಸಲಾಮಿನ ಬೆನ್ನಿಗೇ ಇನ್ನೊಂದು ಸುದ್ದಿ ಮೂಡಿತು. ಡ್ರೈವರ್ ಶೋಯೆಬ್ ಅಲ್ಲೇ ಲೋಡಾದ ಲಾರಿ ನಿಲ್ಲಿಸಿಕೊಂಡು ಬೆಳಗಿನಿಂದ ಮಲಗಿದ್ದಾನೆ.

ಸಾಹೇಬರು ಫೋನೆತ್ತಲು ಹೋದರು. ನಾಗಪತಿ ಅಡ್ಡ ಬಂದ.

“ಲೈನು ಕಡೀತದೆ ಸಾಹೇಬ್ರೇ. ಬೈಯೋದನ್ನ ಇಲ್ಲೇ ಬರೀರಿ, ಅಲ್ಲಿಗೆ ಹೋಗ್ತದೆ.”

“ನನ್ನ ಬೈಗಳ ಸೊಸೆ ಓದ್ಬೇಕೇನೋ?” ಸಾಹೇಬರು ಯೋಚಿಸಿದರು. “ಇಷ್ಟು ಕಷ್ಟಪಟ್ಟು ಜೋಡಿಸಿದ್ದೀಯ, ಕಡಿಯೋದೂ ಬೇಡ. ಹಗಲಿಡೀ ಹಾಗೇ ಇರ್ಲಿ. ನೀನೇ ಹೋಗಿ ನನ್ನ ಹೆಸರಲ್ಲಿ ಬಾಯ್ತುಂಬ ಬೈದು ಬಾ.”

“ಹೋಗದಾದ್ರೆ ಎನ್ನ ಮಗಳಿಗೂ ಒಂದು ಮಾತು ಹೇಳಿ ಬಾ ತಮಾ, ಫೋನಂತೂ ಮಾಡಲಾಗ್ತಿಲ್ಲೆ,” ಎಂದಳು ದೇವಕ್ಕ.

ಕೈಲಿ ಲಿಂಬೆಹಣ್ಣಿಲ್ಲ. ಯಲ್ಲಾಪುರದಲ್ಲಿ ಇಳಿದಾಗ ನಾಗಪತಿಯ ಮುಖ ಸುಣ್ಣದ ಹಾಗಿತ್ತು. ಲಾರಿಯ ಬಾಗಿಲು ಹಿಡಿದುಕೊಂಡೇ ಸಾಹೇಬರ ಬೈಗಳನ್ನೆಲ್ಲ ಒಪ್ಪಿಸಿದ. ಶೋಯೆಬ್ ಪೂರ್ತಿ ಕೇಳಿ, ಅವನಿಗೆ ನೀರು ಕೊಟ್ಟ.

“ಮುಗೀತಾ ಭಟ್ರೇ? ಈಗ ನಂದು ಕೇಳ್ಕೊಳ್ಳಿ, ಸಾಹೇಬ್ರಿಗೆ ಹೀಗೇ ಹೇಳ್ಬೇಕು,” ಎಂದು ಶುರುಮಾಡಿದ. ಎಲ್ಲ ಹೇಳಿ ಮುಗಿಸಿ, “ನಾಳೆ ಬರ್ತಾ, ಅವ್ರು ಏನಂದ್ರು ಹೇಳಿ,” ಎಂದ.

ನಾಗಪತಿ ತಿರುಗಿ ಹೋಗುವ ಬಸ್ಸಿನ ಕಡೆ ನೋಡಿದ.

“ಇಲ್ಲಿ ಲಿಂಬೆಹಣ್ಣು ಎಲ್ಲಿ ಸಿಗ್ತದೆ ಮಾರಾಯಾ?”