ಈರೇಶನ ಫೇರೋಗಿರಿ

ಮದುವೆಯಾದಂದಿನಿಂದ ಈರೇಶನಿಗೆ ಮನೆಯಲ್ಲಿ ಇವತ್ತು ಯಾವ ಸಾರು ಎಂದು ತೀರ್ಮಾನಿಸುವ ಅಧಿಕಾರವೂ ಸಿಕ್ಕಿರಲಿಲ್ಲ. ಅಂಥವನಿಗೆ ಒಂದು ಭಾನುವಾರ ಮಧ್ಯಾಹ್ನ, ಉಂಡು ಬೇವಿನ ಮರದ ನೆರಳಿನಲ್ಲಿ ಅರೆಗಣ್ಣಾಗಿ ಮಲಗಿದ್ದಾಗ, ಈಜಿಪ್ಟ್ ದೇಶವೇ ಕೈಗೆ ಬಂತು.

"ರೀ, ನೀವೇ ರಾಜ ಆಗ್ಬೇಕು," ಅಂದಳು ಹೆಂಡತಿ ಸ್ವಪ್ನ.

ಈರೇಶ ಕಣ್ಣು ಬಿಡಲಿಲ್ಲ. ಇಂಥ ಕನಸುಗಳು ಅವನಿಗೆ ಹೊಸವಲ್ಲ. ಚಳ್ಳಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವನು ತಾಮ್ರದ ತಂತಿ ಸುತ್ತುತ್ತಾ ಸುತ್ತುತ್ತಾ ಎಲ್ಲೆಲ್ಲೋ ತೇಲಿ ಹೋಗುತ್ತಿದ್ದ. (ಒಮ್ಮೆ ಹಾಗೆ ಹೋಗಿ ಬಂದ ಮೇಲೆ ಗಿರಾಕಿಯ ಮೋಟಾರು ಹಿಂದುಮುಂದಾಗಿ ತಿರುಗತೊಡಗಿತ್ತು.)

"ಯಾವ ಊರಿಗೆ ರಾಜ?" ಎಂದು ಕನಸಿನಲ್ಲೇ ಕೇಳಿದ.

"ನಮ್ಮ ಶಿಶುವಿಹಾರಕ್ಕೆ. ಏಳ್ರೀ, ಕಿರೀಟಕ್ಕೆ ತಲೆ ಅಳತೆ ತಗೋಬೇಕು."

ಸ್ವಪ್ನ ಮಿಸ್ ಪಾಠ ಮಾಡುತ್ತಿದ್ದ ಶಿಶುವಿಹಾರದಲ್ಲಿ ಆ ತಿಂಗಳು 'ಜಗತ್ತಿನ ಹಬ್ಬಗಳು' ಎಂಬ ಕಾರ್ಯಕ್ರಮ ನಡೆದಿತ್ತು. ಉಳಿದ ಮಿಸ್‌ಗಳು ಗೊತ್ತಿದ್ದ ಹಬ್ಬಗಳನ್ನು ಹಂಚಿಕೊಂಡರೆ, ಇವಳು ಮಾತ್ರ ಯೆಹೂದಿಗಳ ಪಾಸೋವರ್ ಹಬ್ಬವನ್ನು ತಾನಾಗಿ ಕೇಳಿ ಪಡೆದಿದ್ದಳು. ಫೇರೋ ಎಂಬ ರಾಜ ಅವರ ಹಿರಿಯರನ್ನು ಜೀತಕ್ಕಿಟ್ಟುಕೊಂಡು ಇಟ್ಟಿಗೆ ಮಾಡಿಸುತ್ತಿದ್ದನಂತೆ. ಅವನು ಬಿಡೋದಿಲ್ಲ ಅಂದಾಗಲೆಲ್ಲ ದೇವರು ಅವನ ನಾಡಿನ ಮೇಲೆ ಕಪ್ಪೆಗಳ ಹಿಂಡಿನಂಥ ಒಂದೊಂದು ಕಾಟ ಕಳಿಸಿದನಂತೆ. ಬಿಡುಗಡೆ ಸಿಕ್ಕ ಗಳಿಗೆಯಲ್ಲಿ ಹಿಟ್ಟು ಹುದುಗು ಬರುವವರೆಗೂ ಕಾಯದೆ, ಹಾಗೇ ರೊಟ್ಟಿ ಸುಟ್ಟುಕೊಂಡು ಅವರೆಲ್ಲ ಹೊರಟುಬಿಟ್ಟರಂತೆ. ಸಮುದ್ರ ಇಬ್ಭಾಗವಾಗಿ ದಾರಿ ಬಿಟ್ಟಿತಂತೆ. ಬೆನ್ನಟ್ಟಿ ಬಂದ ರಾಜನ ದಂಡು ಮಾತ್ರ ಅದರಲ್ಲೇ ಸಿಕ್ಕಿಬಿತ್ತಂತೆ.

"ಅಲ್ವೇ, ನಮ್ಮೂರಾಗೆ ಕೆರೆಗೇ ನೀರಿಲ್ಲ, ಸಮುದ್ರ ಎಲ್ಲಿಂದ ತರ್ತೀಯಾ?"

"ನನ್ನ ನೀಲಿ ಸೀರೆ ಐತಲ್ಲ." ಆಮೇಲೆ ಅವಳ ದನಿ ಇಳಿಯಿತು. "ರೀ, ಆ ಹಬ್ಬದಾಗೆ ಎಲ್ಲರಿಗಿಂತ ಚಿಕ್ಕ ಮಗು ಎದ್ದು ಪ್ರಶ್ನೆ ಕೇಳ್ಬೇಕಂತೆ. 'ಬ್ಯಾರೆ ದಿನಗಳಂಗಲ್ಲ, ಇವತ್ತು ಯಾಕೆ ಹಿಂಗೆ?' ಅಂತ. ನಮ್ಮ ತರಗತೀಲಿ ಚಿಕ್ಕೋಳು ಯಾರು ಹೇಳ್ರಿ?"

ಈರೇಶ ಎದ್ದು ಕೂತ. ಅವರ ಮಗಳು ತೇಜಶ್ರೀ ಶಿಶುವಿಹಾರಕ್ಕೆ ಸೇರಿ ವರುಷವಾಗುತ್ತಾ ಬಂದಿದ್ದರೂ ಅಲ್ಲಿ ಒಂದೇ ಒಂದು ಮಾತು ಆಡಿರಲಿಲ್ಲ. ಮನೆಯಲ್ಲಿ ಪಿಸುಗುಡುತ್ತಿದ್ದಳು, ಹೊಸಿಲು ದಾಟಿದರೆ ತುಟಿಗೆ ಬೀಗ. ಈರೇಶ ಕಿರೀಟದ ಅಳತೆಗೆ ತಲೆ ಒಡ್ಡಿದ.

ಹಬ್ಬದ ದಿನ ಶಿಶುವಿಹಾರದ ಅಂಗಳ ತುಂಬಾ ಈಜಿಪ್ಟು. ಮಕ್ಕಳು ಕೆಸರು ತುಳಿದು ಬೆಂಕಿಪೊಟ್ಟಣದಲ್ಲಿ ಇಟ್ಟಿಗೆ ಅಚ್ಚು ಹಾಕಿದರು. ಹುದುಗು ಬರದ ರೊಟ್ಟಿಗೆ ಜೋಳದ ರೊಟ್ಟಿಯೇ ಒದಗಿತು. ಇಟ್ಟಿಗೆಯ ಗಾರೆಯ ನೆನಪಿಗೆಂದು ಶೇಂಗಾ, ಖರ್ಜೂರ, ಬೆಲ್ಲ ಕುಟ್ಟಿ ಮಾಡಿದ ಉಂಡೆಯಂಥದ್ದು, ನೆನಪಾಗುವ ಮೊದಲೇ ಖಾಲಿಯಾಯಿತು. ಜೀತದ ಕಹಿ ತಿಳಿಯಲಿ ಎಂದು ಬೇವಿನೆಲೆ ಕೊಟ್ಟರೆ, ಮೊನ್ನೆಯಷ್ಟೇ ಯುಗಾದಿ ಮುಗಿಸಿದ್ದ ಮಕ್ಕಳು ಒಕ್ಕೊರಲಿನಿಂದ, "ಮಿಸ್, ಬೆಲ್ಲ?" ಅಂದವು.

ಸಿಂಹಾಸನದ ಮೇಲೆ (ಅದು ಹೆಡ್‌ಮಿಸ್ ಕೊಟ್ರಮ್ಮನವರ ಕುರ್ಚಿ) ಫೇರೋ ಚಕ್ರವರ್ತಿ ಆಸೀನನಾಗಿದ್ದ. ತಲೆಗೆ ರಟ್ಟಿನ ಕಿರೀಟ, ಮೈಗೆ ಸ್ವಪ್ನಳ ತವರು ಮೊಳಕಾಲ್ಮುರಿನ ರೇಷ್ಮೆ ಸೀರೆ. "ಇದಕ್ಕೆ ಒಂದು ಕಲೆ ಆಗ್ಲಿ, ಆಮೇಲೆ ಐತೆ ನಿಮಗೆ," ಎಂಬ ರಾಜಾಜ್ಞೆ ರಾಜನಿಗೇ ಆಗಿತ್ತು.

ಪ್ರಶ್ನೆಯ ಹೊತ್ತು ಬಂತು. ತೇಜಶ್ರೀ ಎದ್ದು ನಿಂತಳು. ಸ್ವಪ್ನ ತುಟಿಯಲ್ಲೇ ಹೇಳಿಕೊಟ್ಟಳು, ಕೊಟ್ರಮ್ಮ ನಕ್ಕು ಹುರಿದುಂಬಿಸಿದರು. ಮಗು ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಿತು, ಬಿಚ್ಚಿತು, ಮತ್ತೆ ಸುತ್ತಿಕೊಂಡಿತು. ಕೊನೆಗೆ ಸದ್ದಿಲ್ಲದೆ ಕೂತುಬಿಟ್ಟಿತು.

"ಇರ್ಲಿ ಬಿಡು ಪುಟ್ಟಿ," ಅಂದಳು ಸ್ವಪ್ನ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಈರೇಶ ಕೇಳಿಯೇ ಇರಲಿಲ್ಲ. ಅವನ ಎದೆಯಲ್ಲಿ ಏನೋ ಕರಗಿತು. ಬಿಸಿಲು, ಎಣ್ಣೆ ಮಿಲ್ಲಿನ ಕಡೆಯಿಂದ ತೇಲಿ ಬರುವ ಶೇಂಗಾ ಹಿಂಡಿಯ ವಾಸನೆ, ಗೋಡೆಯಾಚೆ ಎಲ್ಲೋ ಗಂಟೆಗಳ ಸದ್ದು. ಈರೇಶ ತೇಲಿ ಹೋದ.

"ರಾಜಾ, ನಮ್ಮನ್ನ ಬಿಟ್ಟುಬಿಡು!" ಮಕ್ಕಳು ಕೂಗಿದರು.

ಅವನು ಇನ್ನೂ ಎಷ್ಟೋ ಸಲ 'ಬಿಡೋದಿಲ್ಲ' ಎಂದು ಗರ್ಜಿಸಿ, ಮಕ್ಕಳಿಂದ ಕಾಗದದ ಕಪ್ಪೆಗಳಲ್ಲಿ ಹೊಡೆಸಿಕೊಳ್ಳಬೇಕಿತ್ತು. ಆದರೆ ಚಕ್ರವರ್ತಿಗಳು ಬೇರೆ ಲೋಕದಲ್ಲಿದ್ದರು.

"ಹೋಗ್ರಪ್ಪಾ, ಎಲ್ಲಾರೂ ಹೋಗ್ರಿ," ಅಂದುಬಿಟ್ಟ, ನಿಟ್ಟುಸಿರಿನೊಂದಿಗೆ.

ಶಾಲೆಯಲ್ಲಿ ಇಂಥ ಅಪ್ಪಣೆ ಆ ಮಕ್ಕಳು ಜನ್ಮದಲ್ಲೇ ಕೇಳಿರಲಿಲ್ಲ. ಹೋದವು. ನೀಲಿ ಸೀರೆಯ ಸಮುದ್ರವನ್ನು ತುಳಿದು, ನೀರಿನ ಕ್ಯಾನ್ ತಂದ ಆಟೋದವನು ತೆರೆದಿಟ್ಟಿದ್ದ ಗೇಟು ದಾಟಿ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಹೋಗಿಯೇಬಿಟ್ಟವು.

"ರೀ! ಆ ಕಡೆ ಬಸ್ ರೋಡೈತೆ! ಹಿಡೀರಿ!" ಸ್ವಪ್ನ ಕಿರುಚಿದಳು.

ಫೇರೋ ಸೀರೆ ಎತ್ತಿ ಕಟ್ಟಿ ಬೆನ್ನಟ್ಟಿದ. ಓಣಿಗೆ ಬಂದವನು ದಂಗಾಗಿ ನಿಂತ. ಓಣಿ ತುಂಬಾ ಕುರಿ. ಕಂದು, ಬಿಳಿ, ಕಪ್ಪು ಉಣ್ಣೆಯ ಅಲೆಗಳು ಧೂಳಿನ ಬಿಸಿಲಲ್ಲಿ ಏಳುತ್ತಾ ಬೀಳುತ್ತಾ ಬರುತ್ತಿದ್ದವು. ಮಕ್ಕಳು ಹತ್ತಿರ ಹೋದಂತೆ ಕುರಿಗಳು ಬೆದರಿ ಎರಡೂ ಗೋಡೆಗೆ ಸರಿದವು. ನಡುವೆ ತೆರೆದ ಹಾದಿಯಲ್ಲಿ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಗಿಹೋದರು. ಈರೇಶ ಒಂದು ಗಳಿಗೆ ಉಸಿರಾಡುವುದನ್ನೇ ಮರೆತ. ನೆನಪಾಗಿ ನುಗ್ಗಿದಾಗ ಕಡಲು ಮುಚ್ಚಿಕೊಂಡಿತು. ಸೊಂಟದವರೆಗೆ ಕುರಿ, ಒಂದಂತೂ ಮೊಳಕಾಲ್ಮುರಿನ ಸೆರಗನ್ನು ನೆಮ್ಮದಿಯಾಗಿ ಮೆಲ್ಲತೊಡಗಿತು.

ಆಚೆ ದಡದಲ್ಲಿ ಕುರಿಗಾರ ಕ್ಯಾತಪ್ಪ ಕೋಲು ಅಡ್ಡ ಹಿಡಿದು ಮಕ್ಕಳನ್ನೆಲ್ಲ ಹೊಂಗೆ ಮರದ ನೆರಳಲ್ಲಿ ತಡೆದು ನಿಲ್ಲಿಸಿದ್ದ. "ಯಾರಪ್ಪಾ ನೀನು? ಯಾವ ನಾಟಕದೋನು? ಅಲ್ಲಾಡಬ್ಯಾಡ, ಮರಿ ಅದಾವೆ!"

ಆಗ ಮಕ್ಕಳ ಗುಂಪಿನಿಂದ ಒಂದು ದನಿ ಬಂತು. ಸಣ್ಣದು, ಆದರೆ ಓಣಿಗೆಲ್ಲ ಕೇಳುವಷ್ಟು ಸ್ಪಷ್ಟ.

"ಅಪ್ಪಾ! ಬ್ಯಾರೆ ದಿನ ಎಲ್ಲಾ ನೀನು ಅವ್ವಂಗೆ ಹೆದ್ರುತೀಯಾ. ಇವತ್ತು ಯಾಕೆ ನಮ್ಮನ್ನ ಹೆದರಿಸ್ತೀಯಾ?"

ತೇಜಶ್ರೀ! ಹಿಂದೆ ಓಡಿಬಂದಿದ್ದ ಸ್ವಪ್ನ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿತ್ತು. ಕೊಟ್ರಮ್ಮ ಗೇಟು ಹಿಡಿದು ನಗುತ್ತಿದ್ದರು. ಮಾಳಿಗೆಗಳ ಮೇಲೆ ಸಂಡಿಗೆ ಹಾಕುತ್ತಿದ್ದ ಹೆಂಗಸರು ಇಣುಕಿದರು.

"ಉತ್ತರ ಹೇಳ್ರೀ," ಅಂದಳು ಸ್ವಪ್ನ ಮೂಗೊರೆಸಿಕೊಳ್ಳುತ್ತಾ. "ಮಗು ಕೇಳ್ತೈತೆ. ದೊಡ್ಡೋರು ಹೇಳ್ಬೇಕು, ಅದೇ ಹಬ್ಬದ ಪದ್ಧತಿ."

ಚಕ್ರವರ್ತಿ ಕುರಿಗಳ ನಡುವೆ ಕಿರೀಟ ಸರಿಮಾಡಿಕೊಂಡ.

"ಇವತ್ತೂ ಅವ್ವಂಗೆ ಹೆದರಿಕೊಂಡೇ ಬಂದಿರೋದವ್ವಾ!"

ಓಣಿ ಗೊಳ್ಳೆಂದು ನಕ್ಕಿತು. ಮಗಳು ನಗಲಿಲ್ಲ. ಒಂದು ವರುಷದ ಮಾತು ಒಳಗೆ ಕಾದಿತ್ತಲ್ಲ, ಅದು ಈಗ ಸಾಲುಗಟ್ಟಿ ನಿಂತಿತ್ತು.

"ಅವ್ವಂಗೆ ಯಾಕೆ ಹೆದ್ರುತೀಯಾ?" ಎಂದು ಕೇಳಿದಳು.

ನಗು ನಿಂತಿತು. ಸ್ವಪ್ನ ನಿಧಾನವಾಗಿ ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು. ಕ್ಯಾತಪ್ಪ ಕೋಲೂರಿ ಕಿವಿಗೊಟ್ಟ. ಸೆರಗು ಮೆಲ್ಲುತ್ತಿದ್ದ ಕುರಿ ಕೂಡ ಬಾಯಿ ನಿಲ್ಲಿಸಿ, ಕತ್ತೆತ್ತಿ ಫೇರೋನ ಮುಖವನ್ನೇ ನೋಡಿತು.